ಅಂಗಾಲಿನ ಜೋಮು ಮೇಲೇರುತ್ತಿದೆ

ಪ್ರಶ್ನೆ: ನನ್ನ ತಂದೆಯವರಿಗೆ 72 ವರ್ಷ. ಸಸ್ಯಾಹಾರಿಗಳು. ಸಕ್ಕರೆ ಕಾಯಿಲೆಗೆ ಹತ್ತು ವರ್ಷಗಳಿಂದ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದಾರೆ. ಒಂದೂವರೆ ವರ್ಷದ ಹಿಂದೆ ಅಂಗಾಲಿನಲ್ಲಿ ಶುರುವಾದ ಜೋಮು ಈಗ ಮೊಣಕಾಲಿನವರೆಗೆ ಬಂದಿದೆ. ಚಪ್ಪಲಿ ಕಾಲಿನಿಂದ ಜಾರಿದರೂ ಅವರಿಗೆ ತಿಳಿಯುವುದಿಲ್ಲ. ಈಚೆಗೆ ಅಂಗಿಯ ಗುಂಡಿ ಹಾಕಲೂ ತಡವರಿಸುತ್ತಾರೆ. ವಯಸ್ಸಾಯಿತಲ್ಲ ಎನ್ನುತ್ತಾರೆ ಎಲ್ಲರೂ. ಏನು ಮಾಡಬೇಕು?
– ಓದುಗರು, ಬ್ರಹ್ಮಾವರ

ಉತ್ತರ: ಹೀಗೆ ಏರುತ್ತಿರುವ ಜೋಮನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು. ಅತಿ ಉದ್ದದ ನರಗಳು ಮೊದಲು ಸೊರಗುವುದರಿಂದ ತೊಂದರೆ ಪಾದದಲ್ಲಿ ಆರಂಭವಾಗಿ, ಮೊಣಕಾಲಿನ ಮಟ್ಟಕ್ಕೆ ಬರುವ ಹೊತ್ತಿಗೆ ಕೈಬೆರಳ ತುದಿಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಸಕ್ಕರೆ ಕಾಯಿಲೆ ಬಹು ಸಾಮಾನ್ಯ ಕಾರಣ ನಿಜ. ಆದರೆ ಸಕ್ಕರೆ ಇದೆ ಎಂಬ ಒಂದೇ ಕಾರಣಕ್ಕೆ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಮೊದಲು ತೋಚುವುದು ವಿಟಮಿನ್ ಬಿ12 ಕೊರತೆ. ಸಸ್ಯಾಹಾರ, ದೀರ್ಘಕಾಲದ ಮೆಟ್‌ಫಾರ್ಮಿನ್ ಎರಡೂ ಅದಕ್ಕೆ ದಾರಿ ಮಾಡುತ್ತವೆ. ಅಂಗಡಿಯಲ್ಲಿ ಕೇಳಿ ತಂದ, ಬಿ12, ಬಿ6 ವಿಟಮಿನ್‌ಗಳಿರುವ ‘ನರದ ಮಾತ್ರೆ’ಯನ್ನು ಆರಂಭಿಸುವ ಮೊದಲೇ ಪರೀಕ್ಷೆಗೆ ರಕ್ತ ಕೊಡಿ, ಇಲ್ಲವಾದರೆ ಬಿ12 ಮಟ್ಟ ಏರಿ ನಿಜವಾದ ಕೊರತೆ ಮರೆಯಾಗುತ್ತದೆ, ಬಿ6 ಅತಿಯಾದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಗಳ ಜೊತೆಗೆ ರಕ್ತದಲ್ಲಿ ಅಸಹಜ ಪ್ರೋಟೀನ್ ಇದೆಯೇ ಎಂದು ನೋಡುವ ಎಲೆಕ್ಟ್ರೋಫೊರೆಸಿಸ್ ಕೂಡ ಈ ವಯಸ್ಸಿನಲ್ಲಿ ಅಗತ್ಯ.

ಬಳಿಕ ಮಣಿಪಾಲ ಅಥವಾ ಮಂಗಳೂರಿನಲ್ಲಿ ನರರೋಗ ತಜ್ಞರನ್ನು ಕಾಣಿರಿ. ಅವರು ಕಾಲ್ಬೆರಳಿಗೆ ಶ್ರುತಿಕವಲನ್ನು (ತಟ್ಟಿದರೆ ಕಂಪಿಸುವ ಲೋಹದ ಕವಲು, ಟ್ಯೂನಿಂಗ್ ಫೋರ್ಕ್) ತಾಗಿಸಿ ಕಂಪನ ತಿಳಿಯುತ್ತದೆಯೇ ಎಂದು ಕೇಳುತ್ತಾರೆ, ಕಣ್ಣು ಮುಚ್ಚಿ ನಿಲ್ಲಿಸಿ ದೇಹ ವಾಲುತ್ತದೆಯೇ ಎಂದು ಗಮನಿಸುತ್ತಾರೆ, ಸ್ಪರ್ಶವಿಲ್ಲದ ಮಚ್ಚೆ ಅಥವಾ ಮೊಣಕೈ ಬಳಿ ದಪ್ಪಗಾದ ನರವಿದ್ದರೆ ಕುಷ್ಠರೋಗವನ್ನೂ ಶಂಕಿಸುತ್ತಾರೆ. ಕೈಕಾಲುಗಳ ಮೇಲೆ ಸಣ್ಣ ವಿದ್ಯುತ್ ತುಡಿತ ಕೊಟ್ಟು ಮಾಡುವ ನರ್ವ್ ಕಂಡಕ್ಷನ್ ಪರೀಕ್ಷೆಯಿಂದ, ಹಾನಿಯಾಗಿರುವುದು ನರದ ಒಳಗಿನ ಎಳೆಗೋ ಹೊರಗಿನ ಹೊದಿಕೆಗೋ ಎಂಬುದು ತಿಳಿಯುತ್ತದೆ. ಹೊದಿಕೆಗೆ ಹಾನಿಯಾಗಿದ್ದರೆ, ಎಂಟು ವಾರಗಳಿಗೂ ಮೀರಿ ಬೆಳೆಯುತ್ತಾ ಹೋಗುವ ಸಿಐಡಿಪಿ (ದೇಹದ ರಕ್ಷಣಾ ವ್ಯವಸ್ಥೆಯೇ ನರದ ಹೊದಿಕೆಯನ್ನು ಹಾಳುಮಾಡುವ ರೋಗ) ಎಂಬ ಕಾಯಿಲೆಯ ಸಾಧ್ಯತೆಯನ್ನು ನೋಡಬೇಕಾಗುತ್ತದೆ. ಅದಕ್ಕೆ ಸ್ಟೀರಾಯ್ಡ್, ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ಪಡೆದ ಪ್ರತಿಕಾಯಗಳು) ಚಿಕಿತ್ಸೆಗಳಿವೆ.

ಜೋಮು ಕೆಲವೇ ವಾರಗಳಲ್ಲಿ ಭರದಿಂದ ಏರಿದರೆ, ಪಾದ ಎತ್ತಲಾಗದಿದ್ದರೆ, ಎದ್ದು ನಿಂತಾಗ ತಲೆಸುತ್ತು ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ತಡಮಾಡಬೇಡಿ. ಅಲ್ಲಿಯವರೆಗೆ ಬಿಸಿಲಿಗೆ ಕಾದ ಅಂಗಳದಲ್ಲಿ ಬರಿಗಾಲಲ್ಲಿ ನಡೆಯಲು ಬಿಡಬೇಡಿ, ಸ್ನಾನದ ನೀರಿನ ಬಿಸಿಯನ್ನು ಮನೆಯ ಬೇರೆಯವರು ಕೈಯಿಂದ ನೋಡಲಿ, ಪ್ರತಿ ರಾತ್ರಿ ಅಂಗಾಲಿನಲ್ಲಿ ಗಾಯವಿದೆಯೇ ಎಂದು ನೀವೇ ಪರೀಕ್ಷಿಸಿ. ತಜ್ಞರ ಬಳಿ ಹೋಗುವಾಗ ಅವರು ಸೇವಿಸುವ ಎಲ್ಲ ಮಾತ್ರೆಗಳನ್ನೂ ಕೊಂಡೊಯ್ಯಿರಿ.