ಡಬ್ಬಿ ಸೂಪ್ ಬಿಡಿ, ಅಕ್ಕಿ ಡಬ್ಬಿ ತೆಗೆಯಿರಿ

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿದ್ದಾಗ ಕಲಿತ ಅಡುಗೆಯೊಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಕೋಳಿ, ಅನ್ನ, ಬೀನ್ಸ್ ಮೇಲೆ ಡಬ್ಬಿಯ ಮಶ್ರೂಮ್ ಕ್ರೀಮ್ ಸೂಪ್ ಸುರಿದು ಓವನ್‌ನಲ್ಲಿ ಬೇಯಿಸುತ್ತೇವೆ. ಈಗ ಏಳು ವರ್ಷದ ಮೊಮ್ಮಗನಿಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿ ಮುಟ್ಟಿಸಲೇಬಾರದು ಎಂದಿದ್ದಾರೆ ಡಾಕ್ಟರ್. ಡಬ್ಬಿ ತಿರುಗಿಸಿ ನೋಡಿದರೆ ಗೋಧಿ ಹಿಟ್ಟು ಅಂತಿದೆ! ರಜೆಗೆ ಬರುವ ಮಗುವಿಗೆ ಅದೇ ಅಡುಗೆ ಹೇಗೆ ಮಾಡಲಿ? – ಅಮ್ಮತ್ತಿಯ ಓದುಗರು

ಉತ್ತರ: ಸೂಪಿನೊಳಗೆ ಗೋಧಿಗೇನು ಕೆಲಸ ಅನ್ನಿಸುತ್ತದೆ, ಅಲ್ವಾ? ಅದು ರುಚಿಗಲ್ಲ, ಗಟ್ಟಿಯಾಗಲಿ ಅಂತ. ಕ್ಯಾಂಪ್‌ಬೆಲ್ ಕಂಪನಿ ಈ ಮಶ್ರೂಮ್ ಸೂಪನ್ನು 1934ರಲ್ಲಿ ಮಾರುಕಟ್ಟೆಗೆ ತಂದಿತು. ಸಾಸ್ ಕಾಯಿಸುವ ಕೆಲಸ ತಪ್ಪುತ್ತದೆ ಅಂತ ಅಲ್ಲಿನವರು ಅದನ್ನು ಕುಡಿಯುವುದಕ್ಕಿಂತ ಅಡುಗೆಗೆ ಸುರಿಯುವುದನ್ನೇ ರೂಢಿ ಮಾಡಿಕೊಂಡರು. ಗಟ್ಟಿ ಮಾಡುವ ಕೆಲಸಕ್ಕೆ ಕೊಡಗಿನ ಮನೆಯಲ್ಲಿ ಗೋಧಿ ಯಾಕೆ ಬೇಕು? ಅಕ್ಕಿ ಇದೆಯಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಡಬ್ಬಿಯಲ್ಲಿರುವುದು ನೀರು ಬೆರೆಸುವ ಮೊದಲಿನ ಸೂಪ್. ಒಂದು ಡಬ್ಬಿ ಸುಮಾರು 300 ಗ್ರಾಂ. ನೀವು ಮಾಡುವುದೂ ಇಡ್ಲಿ ಹಿಟ್ಟಿನ ಹದಕ್ಕೆ ಬರಬೇಕು. ಕುಡಿಯುವ ಸೂಪಿನಷ್ಟು ತೆಳ್ಳಗಿದ್ದರೆ ಓವನ್‌ನಿಂದ ಹೊರಗೆ ಬರುವುದು ಗಂಜಿ.

ನನಗೆ ಇಷ್ಟವಾದ ದಾರಿ ಅನ್ನದ್ದು. ಅರ್ಧ ಕಪ್ ಮೆತ್ತಗೆ ಬೆಂದ ಅನ್ನವನ್ನು ಒಂದು ಕಪ್ ಹಾಲಿನ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ತರಿ ಉಳಿದರೆ ಸೋಸಿ. ಎರಡು ಚಮಚ ಬೆಣ್ಣೆಯಲ್ಲಿ ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, 100 ಗ್ರಾಂ ಬಟನ್ ಅಣಬೆ ಹೆಚ್ಚಿ ಹಾಕಿ. ಅಣಬೆ ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗಿ ಅಂಚು ಕೆಂಪಾಗುವ ತನಕ ಹುರಿಯಿರಿ. ಇಲ್ಲಿ ಅವಸರ ಬೇಡ, ಸೂಪಿನ ರುಚಿಯೆಲ್ಲ ಇಲ್ಲೇ ಹುಟ್ಟುವುದು. ಆಮೇಲೆ ರುಬ್ಬಿದ ಹಾಲು ಹಾಕಿ, ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಐದಾರು ನಿಮಿಷ ಕುದಿಸಿ. ಉಪ್ಪು, ನಿಮ್ಮ ತೋಟದ್ದೇ ಕರಿಮೆಣಸು. ಇಷ್ಟು ಮಾಡಿದರೆ ಒಂದು ಡಬ್ಬಿಯ ಲೆಕ್ಕಕ್ಕೆ ಸರಿಯಾಗುತ್ತದೆ.

ಅನ್ನ ಇಲ್ಲದಿದ್ದರೆ ಅಕ್ಕಿ ಹಿಟ್ಟು ಆಗುತ್ತದೆ. ಒಂದು ಕಪ್ ಹಾಲಿಗೆ ಸುಮಾರು ಮೂರು ದೊಡ್ಡ ಚಮಚ. ತಣ್ಣನೆ ಹಾಲಿನಲ್ಲೇ ಕದಡಿಕೊಳ್ಳಿ, ಬಿಸಿ ಹಾಲಿಗೆ ಹಾಕಿದರೆ ಗಂಟಾಗುತ್ತದೆ. ಹಸಿ ವಾಸನೆ ಹೋಗಲು ಸ್ವಲ್ಪ ಜಾಸ್ತಿ ಹೊತ್ತು ಬೇಕು. ಕಾರ್ನ್‌ಫ್ಲೋರ್ ಆದರೆ ಮೈದಾದ ಅರ್ಧದಷ್ಟೇ ಸಾಕು. ಆದರೆ ಅದನ್ನು ತುಂಬಾ ಹೊತ್ತು ಕುದಿಸಿದರೆ ಮತ್ತೆ ನೀರಾಗುತ್ತದೆ, ಫ್ರೀಜರ್‌ನಲ್ಲಿಟ್ಟು ತೆಗೆದರೆ ನೀರು ಬಿಟ್ಟುಕೊಳ್ಳುತ್ತದೆ. ಓವನ್ ಅಡುಗೆಗೆ ನಾನು ಅಕ್ಕಿಯ ಕಡೆಗೇ. ಇನ್ನು ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ. ಎಲ್ಲದಕ್ಕೂ ಒಂದು ಹನಿ ಬಿಡುವ ಕೈ ನಮ್ಮದು! ಇಲ್ಲಿ ಬೇಡ, ಹಾಲು ಒಡೆಯುತ್ತದೆ. ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಇರಲಿ.

ಈ ಕಾಯಿಲೆ ಈಗಷ್ಟೇ ಗೊತ್ತಾದ ಕೆಲವು ಮಕ್ಕಳಿಗೆ ಕರುಳು ಗುಣವಾಗುವ ತನಕ ಹಾಲೂ ಜೀರ್ಣವಾಗುವುದಿಲ್ಲ. ಮಗಳನ್ನು ಕೇಳಿ ನೋಡಿ. ಹಾಗಿದ್ದರೆ ಅನ್ನವನ್ನು ತರಕಾರಿ ಬೇಯಿಸಿದ ನೀರಲ್ಲಿ ರುಬ್ಬಿ, ಬೆಣ್ಣೆ ಬದಲು ಎಣ್ಣೆ ಹಾಕಿ, ಕೊನೆಯಲ್ಲಿ ಗಟ್ಟಿ ತೆಂಗಿನ ಹಾಲು ಸೇರಿಸಿ ಇಳಿಸಿಬಿಡಿ. ಮಳೆಗಾಲದಲ್ಲಿ ತೋಟದಲ್ಲಿ ಸಿಗುವ ಕುಮ್ಮು (ಕಾಡು ಅಣಬೆ) ಹಾಕಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮಗುವಿಗೆ ಅಂಗಡಿ ಅಣಬೆಯೇ ಇರಲಿ.

ನನಗೆ ಸೂಪಿಗಿಂತ ಹೆಚ್ಚಿನ ಚಿಂತೆ ನಿಮ್ಮ ಅಕ್ಕಿ ಹಿಟ್ಟಿನದು. ಒಟ್ಟಿ (ಅಕ್ಕಿ ರೊಟ್ಟಿ) ಮಾಡಲು ಅಂತ ಮಿಲ್ಲಿನಲ್ಲಿ ಬೀಸಿಸಿ ತರುತ್ತೀರಲ್ಲ, ನಿಮ್ಮ ಅಕ್ಕಿಗೆ ಮೊದಲು ಅದೇ ಕಲ್ಲಿನಲ್ಲಿ ಯಾರದೋ ಗೋಧಿ ಹೋಗಿರುತ್ತದೆ. ಕಲ್ಲಿನಲ್ಲಿ ಉಳಿದ ಗೋಧಿ ನಿಮ್ಮ ಚೀಲಕ್ಕೆ ಬೀಳುತ್ತದೆ. ನಮಗೆ ಅದು ಲೆಕ್ಕಕ್ಕಿಲ್ಲ, ಆ ಮಗುವಿನ ಕರುಳಿಗೆ ಲೆಕ್ಕ. ಅಕ್ಕಿ ತೊಳೆದು, ಒಣಗಿಸಿ, ಮನೆ ಮಿಕ್ಸಿಯಲ್ಲೇ ಪುಡಿ ಮಾಡಿ. ಅನ್ನದ ದಾರಿ ನನಗೆ ಇಷ್ಟವಾಗುವುದು ಇದಕ್ಕೇ, ಮಿಲ್ಲಿನ ತಂಟೆಯೇ ಇಲ್ಲ. ಇಂಗಿನ ಡಬ್ಬಿಯನ್ನೂ ಓದಿ, ಎಷ್ಟೋ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಸೋಯಾ ಸಾಸ್, ಸೂಪ್ ಕ್ಯೂಬ್ ಕೂಡ ಹಾಗೇ. ಚಪಾತಿಯ ತವಾ, ಮರದ ಸೌಟು ಮಗುವಿನ ಅಡುಗೆಗೆ ಬೇಡ.

ಮೇಲೆ ಉದುರಿಸುವ ಬ್ರೆಡ್ ಪುಡಿಗೆ ಬದಲು ತೆಳು ಅವಲಕ್ಕಿಯನ್ನು ತುಪ್ಪದಲ್ಲಿ ಹುರಿದು, ಕೈಯಲ್ಲಿ ಮುರಿದು ಹಾಕಿ. ನಿಜ ಹೇಳಬೇಕೆಂದರೆ ಬ್ರೆಡ್ಡಿಗಿಂತ ಇದೇ ಚೆನ್ನಾಗಿರುತ್ತದೆ.

ಪ್ರಶ್ನೆ: ನಮ್ಮದು ಕಕ್ಕಬ್ಬೆಯಲ್ಲಿ ಹೋಂಸ್ಟೇ. ಅತಿಥಿಯೊಬ್ಬರು ಗ್ಲುಟನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ಇಲ್ಲದ ಊಟ ಬೇಕು ಎಂದು ಮೊದಲೇ ತಿಳಿಸಿದ್ದಾರೆ. ಪ್ಯಾಕೆಟ್ ಸೂಪ್ ಕೊಡಬಹುದಾ? ಅದರಲ್ಲಿ ಕಾರ್ನ್‌ಫ್ಲೋರ್ ಅಂತಿದೆ.

ಉತ್ತರ: ಕಾರ್ನ್‌ಫ್ಲೋರ್ ಕಂಡ ಕೂಡಲೇ ನಿಲ್ಲಿಸಬೇಡಿ, ಪಟ್ಟಿಯನ್ನು ಕೊನೆಯ ತನಕ ಓದಿ. ಗೋಧಿ ಇಲ್ಲದಿದ್ದರೂ ಬಾರ್ಲಿ ಇರಬಹುದು, ಮಾಲ್ಟ್ ಅಂದರೂ ಸಾಮಾನ್ಯವಾಗಿ ಬಾರ್ಲಿಯೇ. ನಮ್ಮ ದೇಶದ ನಿಯಮದಂತೆ ಗ್ಲುಟನ್ ಮುಕ್ತ ಅಂತ ಹಾಕಬೇಕಾದರೆ ಒಂದು ಕಿಲೋದಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು. ಆ ಮಾತು ಪ್ಯಾಕೆಟ್ ಮೇಲೆ ಇಲ್ಲದಿದ್ದರೆ ಕೊಡಬೇಡಿ. ಸುಮ್ನೆ ಪ್ಯಾಕೆಟ್ ಯಾಕೆ? ಮೇಲಿನ ಸೂಪಿಗೇ ಇನ್ನೊಂದು ಕಪ್ ಹಾಲು ಸೇರಿಸಿದರೆ ಕುಡಿಯುವ ಹದಕ್ಕೆ ಬರುತ್ತದೆ. ಊಟಕ್ಕೆ ಕಡಂಬುಟ್ಟು (ಕಡುಬು), ನೂಪುಟ್ಟು (ಶಾವಿಗೆ) ಎರಡೂ ಅಕ್ಕಿಯವೇ. ಬೆಳಿಗ್ಗೆ ಪೂರಿ ಕರಿದ ಎಣ್ಣೆಯಲ್ಲಿ ಅವರಿಗೆ ಮಾತ್ರ ಏನನ್ನೂ ಕರಿಯಬೇಡಿ.