ಮ್ಯಾಟ್ ಮೇಲೆ ಇಪ್ಪತ್ತು ನಿಮಿಷ, ಹೊರಗೆ ಇಡೀ ದಿನ

(ತೋರಣಗಲ್ಲಿನ ಓದುಗರೊಬ್ಬರು ಬರೆದ ಪತ್ರದ ಸಾರ: ‘ನಾನು ಭಾನುವಾರದ ಕ್ರಿಕೆಟಿಗ. ಕಾಲೇಜು ಓದುವ ಅಣ್ಣನ ಮಗಳ ಜೊತೆ ಜೂಡೋ ಟೂರ್ನಿಗೆ ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ತೂಕ ಹಾಕಿದರು, ಕಂಚಿನ ಪದಕ ಕೊರಳಿಗೆ ಬಿದ್ದಾಗ ಸಂಜೆ ಆರೂವರೆ. ಐದು ಪಂದ್ಯ ಸೇರಿಸಿದರೂ ಅವಳು ಆಡಿದ್ದು ಇಪ್ಪತ್ತು ನಿಮಿಷ. ವಾಪಸ್ ಬರುವಾಗ ಬಸ್ಸಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುವಲು ಅವಳ ಕೈಲಿ ಆಗಲಿಲ್ಲ. ಇದರ ಮುಂದೆ ನಮ್ಮ ಕ್ರಿಕೆಟ್ ಏನೇನೂ ಅಲ್ಲ. ಈ ಟೂರ್ನಿಗಳನ್ನು ಎರಡು ದಿನ ನಡೆಸಬಾರದೇ?’)

ಮೊದಲು ಆ ಬಾಟಲಿ ಮುಚ್ಚಳದ ವಿಷಯ. ಜೂಡೋದಲ್ಲಿ ಎದುರಾಳಿಯನ್ನು ಎತ್ತಿ ಹಾಕುವುದು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಅದಕ್ಕೂ ಮುಂಚೆ ನಡೆಯುವುದು ಹಿಡಿತದ ಜಗಳ. ದಪ್ಪ ಹತ್ತಿಯ ಅಂಗಿಯ ಕಾಲರು, ತೋಳು ಹಿಡಿಯಬೇಕು, ಎದುರಾಳಿ ಕಿತ್ತುಕೊಳ್ಳುತ್ತಾಳೆ, ಮತ್ತೆ ಹಿಡಿಯಬೇಕು. ಮುಷ್ಟಿ ಬಿಗಿದಷ್ಟು ಹೊತ್ತು ಮುಂಗೈಯ ಸ್ನಾಯುಗಳಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಅವು ಕಲ್ಲಾಗುತ್ತವೆ. ಪಂದ್ಯ ನಾಲ್ಕು ನಿಮಿಷ ಎನ್ನುವುದು ಲೆಕ್ಕಕ್ಕೆ ಮಾತ್ರ. ರೆಫರಿ ತಡೆದಾಗಲೆಲ್ಲ ಗಡಿಯಾರ ನಿಲ್ಲುತ್ತದೆ. ಸಮ ಆದರೆ ‘ಗೋಲ್ಡನ್ ಸ್ಕೋರ್’. ಅದಕ್ಕೆ ಕಾಲಮಿತಿಯೇ ಇಲ್ಲ, ಒಬ್ಬರು ಅಂಕ ಗಳಿಸುವ ತನಕ ಅಥವಾ ದಂಡನೆಯಿಂದ ಹೊರಬೀಳುವ ತನಕ ಎಳೆದಾಟ ನಡೆದೇ ಇರುತ್ತದೆ. ಎರಡು ಪಂದ್ಯಗಳ ನಡುವೆ ಅಂತರರಾಷ್ಟ್ರೀಯ ನಿಯಮ ಕೊಡುವ ವಿಶ್ರಾಂತಿ ಹತ್ತು ನಿಮಿಷ. ಹಾಗಾಗಿ ಐದನೇ ಪಂದ್ಯಕ್ಕೆ ಬರುವ ಕೈ ಮೊದಲ ಪಂದ್ಯದ ಕೈ ಅಲ್ಲ.

ಆದರೆ ನನ್ನ ಪ್ರಕಾರ ಅವಳನ್ನು ಹೆಚ್ಚು ದಣಿಸಿದ್ದು ಆಡಿದ ಇಪ್ಪತ್ತು ನಿಮಿಷವಲ್ಲ, ಆಡದೆ ಕಳೆದ ಹೊತ್ತು.

ನೀವು ಐದನೇ ಕ್ರಮಾಂಕದ ಬ್ಯಾಟ್ಸ್‌ಮನ್ ಎಂದುಕೊಳ್ಳಿ. ಪ್ಯಾಡ್ ಕಟ್ಟಿ ಕೂತರೂ ಸ್ಕೋರ್‌ಬೋರ್ಡ್ ನೋಡಿದರೆ ನಿಮ್ಮ ಸರದಿ ಎಷ್ಟು ದೂರ ಎಂದು ಒಂದು ಅಂದಾಜು ಸಿಗುತ್ತದೆ. ಜೂಡೋದಲ್ಲಿ ಆ ಸೌಲಭ್ಯ ಇಲ್ಲ. ಬೆನ್ನು ಮ್ಯಾಟಿಗೆ ಬಡಿಯುವಂತೆ ರಭಸದಿಂದ, ಹಿಡಿತ ತಪ್ಪದೆ ಎಸೆದರೆ ‘ಇಪ್ಪೋನ್’, ಪಂದ್ಯ ಅಲ್ಲಿಗೇ ಮುಗಿಯಿತು. ಅದು ಹತ್ತನೇ ಸೆಕೆಂಡಿಗೂ ಆಗಬಹುದು, ಗೋಲ್ಡನ್ ಸ್ಕೋರಿನ ಐದನೇ ನಿಮಿಷಕ್ಕೂ ಆಗಬಹುದು. ಮುಂದಿನ ಆರು ಪಂದ್ಯ ಆರು ನಿಮಿಷಕ್ಕೆ ಮುಗಿಯುತ್ತವೋ ಮುಕ್ಕಾಲು ಗಂಟೆ ಎಳೆಯುತ್ತವೋ ಸಂಘಟಕರಿಗೂ ಗೊತ್ತಿರುವುದಿಲ್ಲ. ಹೀಗಾಗಿ ಆ ಹುಡುಗಿ ಮೈ ಬಿಸಿ ಮಾಡಿಕೊಳ್ಳಬೇಕು, ತಣ್ಣಗಾದರೆ ಮತ್ತೆ ಬಿಸಿ ಮಾಡಿಕೊಳ್ಳಬೇಕು. ತನ್ನ ವಿಭಾಗದ ತೂಕ ಮೀರಿಬಿಟ್ಟೇನೆಂಬ ಭಯಕ್ಕೆ ಹಿಂದಿನ ರಾತ್ರಿ ಸರಿಯಾಗಿ ಊಟ ಮಾಡಿರುವುದಿಲ್ಲ. ಈಗ ತಿಂದರೆ ಹೊಟ್ಟೆ ಭಾರ, ತಿನ್ನದಿದ್ದರೆ ಮೂರನೇ ಪಂದ್ಯಕ್ಕೆ ಕೈಕಾಲು ಬರುವುದಿಲ್ಲ. ಬಾಳೆಹಣ್ಣು, ಖರ್ಜೂರ, ಗುಟುಕು ಗುಟುಕು ನೀರು. ಹೊರಗೆ ನಮ್ಮ ಬಳ್ಳಾರಿಯ ಬಿಸಿಲು, ಪಕ್ಕದಲ್ಲಿ ಚಿಕ್ಕಪ್ಪ ವಗ್ಗರಣಿ ಮಿರ್ಚಿ ತಿನ್ನುತ್ತಿದ್ದಾರೆ! (ತಿಂದಿರೋ ಇಲ್ಲವೋ ನೀವು ಬರೆದಿಲ್ಲ. ಊಹೆ ನನ್ನದು.)

ಇನ್ನೊಂದು ಭಾರ ಕಣ್ಣಿಗೆ ಕಾಣುವುದಿಲ್ಲ. ಅವಳು ಎಂಟರ ಘಟ್ಟದಲ್ಲಿ ಸೋತು, ರೆಪಶಾಜ್‌ನಲ್ಲಿ (ಹಾಗೆ ಸೋತವರಿಗೆ ಕಂಚಿಗಾಗಿ ಸಿಗುವ ಎರಡನೇ ಅವಕಾಶ) ಗೆದ್ದು, ಕಂಚಿಗೆ ಬಂದಳು ಎಂದಿದ್ದೀರಿ. ಚಿನ್ನ ಕೈತಪ್ಪಿದೆ ಎಂದು ಮಧ್ಯಾಹ್ನವೇ ಗೊತ್ತಾದ ಮೇಲೂ ಅದೇ ಅಂಗಿಗೆ ಪಟ್ಟಿ ಬಿಗಿದು ಇನ್ನೆರಡು ಸಲ ಇಳಿಯಬೇಕು. ನನ್ನನ್ನು ಕೇಳಿದರೆ ಆ ಕಂಚಿಗೆ ಬೇಕಾದ ಗಟ್ಟಿತನ ಬೇರೆಯದೇ. ನಮ್ಮ ಕಡೆಯ ಜಾತ್ರೆ ಕುಸ್ತಿ ನೋಡಿ ಬೆಳೆದವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಅಲ್ಲಿ ಪೈಲ್ವಾನನಿಗೆ ಸಾಮಾನ್ಯವಾಗಿ ಒಂದೇ ಜೋಡಿ. ಗೆದ್ದರೆ ಕಡಗ, ಸೋತರೆ ಮಣ್ಣು ಕೊಡವಿಕೊಂಡು ಮನೆಗೆ.

ಇನ್ನು ಎರಡು ದಿನದ ಸಲಹೆ. ಇದನ್ನು ನಾನು ಒಪ್ಪುವುದಿಲ್ಲ. ಒಲಿಂಪಿಕ್ಸ್‌ನಲ್ಲೂ ಒಂದು ತೂಕ ವಿಭಾಗದ ಜೂಡೋ ಒಂದೇ ದಿನದಲ್ಲಿ ಮುಗಿಯುತ್ತದೆ. ಕುಸ್ತಿಯವರು 2018ರಿಂದ ಎರಡು ದಿನ ಮಾಡಿಕೊಂಡರು, ಎರಡೂ ಬೆಳಿಗ್ಗೆ ತೂಕ. ಅದರ ಬೆಲೆ ಏನೆಂದು 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ನೋಡಿದೆವು. ವಿನೇಶ್ ಫೋಗಟ್ 6ನೇ ತಾರೀಕು ಮೂರು ಪಂದ್ಯ ಗೆದ್ದರು. ಮೊದಲನೆಯದೇ ಅದುವರೆಗೆ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಸೋತಿರದ ಜಪಾನಿನ ಯೂಯಿ ಸುಸಾಕಿ ವಿರುದ್ಧ. ಮರುದಿನ ಬೆಳಿಗ್ಗೆ 50 ಕಿಲೋ ಮಿತಿಗಿಂತ 100 ಗ್ರಾಂ ಹೆಚ್ಚು ತೂಗಿ ಫೈನಲ್ಲೂ ಇಲ್ಲ, ಪದಕವೂ ಇಲ್ಲ. ರಾತ್ರಿಯಿಡೀ ಬೆವರು ಇಳಿಸಿದ್ದು ದಕ್ಕಲಿಲ್ಲ. ಅದೂ ಅಲ್ಲದೆ ಸಿರುಗುಪ್ಪದಿಂದಲೋ ಸಂಡೂರಿನಿಂದಲೋ ಮಗಳನ್ನು ಕರೆತರುವ ಅಪ್ಪನಿಗೆ ಎರಡನೇ ದಿನ ಎಂದರೆ ಲಾಡ್ಜಿನ ಬಾಡಿಗೆ, ಇನ್ನೊಂದು ದಿನದ ಕೂಲಿ ನಷ್ಟ. ಸಂಘಟಕರು ಮಾಡಬೇಕಾದದ್ದು ಬೇರೆ ಇದೆ: ಮುಂದಿನ ಐದಾರು ಪಂದ್ಯಗಳ ಹೆಸರನ್ನು ದೊಡ್ಡದಾಗಿ ಬೋರ್ಡಿನಲ್ಲಿ ಹಾಕುವುದು, ಮೈ ಬಿಸಿ ಮಾಡಿಕೊಳ್ಳಲು ನೆರಳಲ್ಲಿ ಒಂದು ಮ್ಯಾಟ್ ಹಾಸುವುದು. ಇದಕ್ಕೆ ದೊಡ್ಡ ಖರ್ಚಿಲ್ಲ.

ಹಾಗೆಂದು ‘ಕ್ರಿಕೆಟ್ ಏನೇನೂ ಅಲ್ಲ’ ಎಂಬ ಮಾತನ್ನೂ ಒಪ್ಪಲಾರೆ. ಏಪ್ರಿಲ್ ಬಿಸಿಲಲ್ಲಿ ಹತ್ತು ಓವರ್ ವೇಗದ ಬೌಲಿಂಗ್ ಎಂದರೆ ಅರವತ್ತು ಸಲ ಓಡಿ ಬಂದು ಮುಂಗಾಲಿನ ಮೇಲೆ ಮೈಭಾರ ಕುಕ್ಕುವುದು. ಒಂದು ಆಟಕ್ಕೆ ಗೌರವ ಕೊಡಲು ಇನ್ನೊಂದನ್ನು ಇಳಿಸಬೇಕಿಲ್ಲ.

ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಲ್ಲಿ ಬಾಗಿಲು ತೆರೆದ ಮೇಲೆ ಜೂಡೋ, ಬಾಕ್ಸಿಂಗ್ ಎಂಬ ಹೆಸರುಗಳು ನಿಮ್ಮೂರಿನ ಪಕ್ಕಕ್ಕೇ ಬಂದಿವೆ. ಆದರೂ ಇಂಥ ದಿನದ ಬಗ್ಗೆ ಆಡಿದವರೇ ಬರೆದದ್ದು ನಮ್ಮ ಮೇಜಿಗೆ ಬರುವುದಿಲ್ಲ. ಅಣ್ಣನ ಮಗಳಿಗೆ ಹೇಳಿ: ಎರಡನೇ ಪಂದ್ಯಕ್ಕೂ ಮೂರನೆಯದಕ್ಕೂ ನಡುವೆ ಏನು ಮಾಡಿದಳು, ಏನು ತಿಂದಳು, ಯಾರ ಮೇಲೆ ಸಿಟ್ಟು ಬಂತು, ಅಷ್ಟು ಬರೆದು ಕಳಿಸಲಿ. ಎರಡು ಪುಟ ಕಾದಿರಿಸುತ್ತೇವೆ. ಕೈ ನೋವು ಇಳಿದ ಮೇಲೆ ಬರೆದರೆ ಸಾಕು.

— ಸಂಪಾದಕ