ತೀರ್ಪಿಗಿಂತ ಮೊದಲು ವಾದ ಬರಲಿ: ಸ್ಟ್ಯಾನ್ಲಿ ಕಪ್ ಲೇಖನ ಕಳುಹಿಸಿದವರಿಗೆ

ಪ್ರಿಯ ಲೇಖಕರಿಗೆ,

ನಮಸ್ಕಾರ. ‘ಮಂಜಿನ ಕುರುಕ್ಷೇತ್ರ’ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. 2011ರ ಜೂನ್ ತಿಂಗಳಲ್ಲಿ ಕೆನಡಾದ ವ್ಯಾಂಕೂವರ್ ಕನಕ್ಸ್ ಮತ್ತು ಅಮೆರಿಕದ ಬಾಸ್ಟನ್ ಬ್ರೂಯಿನ್ಸ್ ತಂಡಗಳ ನಡುವೆ ನ್ಯಾಷನಲ್ ಹಾಕಿ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪಿಗಾಗಿ ನಡೆದ ಐಸ್ ಹಾಕಿ ಅಂತಿಮ ಸರಣಿಯ ಬಗ್ಗೆ ನಿಮ್ಮ ವ್ಯಾಂಕೂವರ್ ಕಚೇರಿಯ ಮೂವರು ಸಹೋದ್ಯೋಗಿಗಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಇಂದಿಗೂ ನಡೆಸುವ ವಾಗ್ವಾದವನ್ನು ನೀವು ಬರೆಯಹೊರಟಿದ್ದೀರಿ. ವಿಷಯ ನನಗೆ ತುಂಬ ಹಿಡಿಸಿತು. ಆದರೆ ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲು ಆಗುವುದಿಲ್ಲ. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ನೀವು ಮತ್ತೊಮ್ಮೆ ಬರೆಯಬೇಕೆಂಬುದು ನನ್ನ ಆಸೆ.

ಎರಡನೇ ಪ್ಯಾರಾದಲ್ಲೇ ನೀವು ‘ಕನಕ್ಸ್ ಸೋತದ್ದು ಗೋಲ್‌ಕೀಪರ್ ಲುವಾಂಗೊ ಅವರಿಂದ, ಮಿಕ್ಕದ್ದೆಲ್ಲ ನೆಪ’ ಎಂದು ಬರೆದುಬಿಟ್ಟಿದ್ದೀರಿ. ಅಲ್ಲಿಗೆ ಓದುಗನ ಕೆಲಸ ಮುಗಿಯಿತು. ಮೂವರು ವರ್ಷಗಟ್ಟಲೆ ವಾದಿಸುತ್ತಿದ್ದಾರೆಂದರೆ ಒಬ್ಬೊಬ್ಬರ ಕೈಯಲ್ಲೂ ಏನೋ ಒಂದು ಗಟ್ಟಿ ಆಧಾರವಿರಬೇಕು. ಅದನ್ನು ಹುಡುಕಿ ಓದುಗನ ಮುಂದಿಡುವುದೇ ಈ ಬರಹದ ಕೆಲಸ. ತೀರ್ಪು ಕೊಡಲೇಬೇಕೆಂದಿದ್ದರೆ, ಮೂವರ ಮಾತೂ ಪೂರ್ತಿಯಾದ ಮೇಲೆ ಕೊಡಿ.

ರಾಬರ್ಟೊ ಲುವಾಂಗೊ ಅವರ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ‘ಸರಣಿಯುದ್ದಕ್ಕೂ ಎಡವಿದ ಗೋಲ್‌ಕೀಪರ್’ ಎಂದು ನೀವು ಬರೆದಿದ್ದೀರಿ, ಇದು ತಪ್ಪು. ಏಳು ಪಂದ್ಯಗಳ ಆ ಸರಣಿಯಲ್ಲಿ ಮೊದಲನೆಯದನ್ನೂ ಐದನೆಯದನ್ನೂ ಕನಕ್ಸ್ 1-0ಯಿಂದ ಗೆದ್ದಿತು, ಅಂದರೆ ಎರಡು ಪಂದ್ಯಗಳಲ್ಲಿ ಲುವಾಂಗೊ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅದೇ ಮನುಷ್ಯ ಬಾಸ್ಟನ್ನಿಗೆ ಹೋದಾಗ ಮೂರನೇ ಪಂದ್ಯದಲ್ಲಿ ಎಂಟು ಗೋಲು, ನಾಲ್ಕನೆಯದರಲ್ಲಿ ನಾಲ್ಕು ಗೋಲು ಬಿಟ್ಟರು. ಆರನೆಯದರಲ್ಲಿ ಒಂಬತ್ತು ನಿಮಿಷ ತುಂಬುವ ಮೊದಲೇ ಮೂರು ಗೋಲು ಹೋಗಿ, ತರಬೇತುದಾರರು ಅವರನ್ನು ಹೊರಗೆ ಕರೆಸಿಕೊಂಡರು. ತಮ್ಮೂರಿನಲ್ಲಿ ಬಂಡೆಯಂತೆ ನಿಂತವರು ಎದುರಾಳಿಯ ಊರಿನಲ್ಲಿ ಹೀಗೇಕಾದರು ಎಂಬುದೇ ನಿಮ್ಮ ಹಿರಿಯ ಸಹೋದ್ಯೋಗಿಯನ್ನು ಇಂದಿಗೂ ಕಾಡುವ ಪ್ರಶ್ನೆ. ನೀವೇ ದಾಖಲಿಸಿರುವಂತೆ ಅವರು 1982ರಿಂದಲೂ ಕನಕ್ಸ್ ಅಭಿಮಾನಿ. 1982 ಮತ್ತು 1994ರ ಅಂತಿಮ ಸರಣಿಗಳ ಸೋಲನ್ನೂ ಉಂಡವರು. 2010ರ ಫೆಬ್ರುವರಿಯಲ್ಲಿ, ಅದೇ ಊರಿನ ಅದೇ ಕ್ರೀಡಾಂಗಣದಲ್ಲಿ ಲುವಾಂಗೊ ಕೆನಡಾದ ಗೋಲು ಕಾದು ಒಲಿಂಪಿಕ್ ಚಿನ್ನ ಗೆದ್ದುಕೊಟ್ಟದ್ದನ್ನು ಕಂಡವರು. ಅಂಥವರ ಸಿಟ್ಟಿನಲ್ಲಿ ಅಕ್ಕರೆಯೂ ಬೆರೆತಿರುತ್ತದೆ. ನಿಮ್ಮ ಬರಹದಲ್ಲಿ ಸಿಟ್ಟಷ್ಟೇ ಉಳಿದಿದೆ.

ಇಡೀ ಲೇಖನಕ್ಕೆ ಕೇಂದ್ರವಾಗಬಲ್ಲ ಘಟನೆಯನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಸಿದ್ದೀರಿ: ‘ಐದನೇ ಪಂದ್ಯವನ್ನು ಲಾಪಿಯೇರ್ ಹೊಡೆದ ಗೋಲಿನಿಂದ ಕನಕ್ಸ್ ಗೆದ್ದುಕೊಂಡಿತು.’ ಆ ಗೋಲನ್ನು ನಿಧಾನವಾಗಿ ನೋಡಿ. ಮೂರನೆಯ, ಅಂದರೆ ಕೊನೆಯ, ಅವಧಿ ಶುರುವಾಗಿ ಕೆಲವು ನಿಮಿಷಗಳಾಗಿವೆ, ಎರಡೂ ಕಡೆ ಸೊನ್ನೆ. ಕನಕ್ಸ್‌ನ ಕೆವಿನ್ ಬಿಯೆಕ್ಸಾ ದೂರದಿಂದ ಹೊಡೆದ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರಿನ ಬಿಲ್ಲೆ) ಗೋಲಿನ ಕಡೆಗೆ ಹೋಗದೆ ಪಕ್ಕಕ್ಕೆ ಸಾಗಿ, ಗೋಲಿನ ಹಿಂದಿರುವ ಹಲಗೆಗೋಡೆಗೆ ಬಡಿದು ಇನ್ನೊಂದು ಬದಿಗೆ ಪುಟಿಯಿತು. ಹೊಡೆತವನ್ನು ತಡೆಯಲೆಂದು ಬಾಸ್ಟನ್ನಿನ ಗೋಲ್‌ಕೀಪರ್ ಟಿಮ್ ಥಾಮಸ್ ತಮ್ಮ ರೂಢಿಯಂತೆ ಮುಂದೆ ಬಂದು ನಿಂತಿದ್ದರು. ಅವರು ತಿರುಗಿ ಹಿಂದಕ್ಕೆ ಸರಿಯುವಷ್ಟರಲ್ಲಿ, ಆ ಬದಿಯಲ್ಲಿ ಕಾದಿದ್ದ ಮ್ಯಾಕ್ಸಿಮ್ ಲಾಪಿಯೇರ್ ಪಕ್ಕನ್ನು ಒಳಗೆ ತಳ್ಳಿಯಾಗಿತ್ತು. ಪಂದ್ಯವಾದ ಮೇಲೆ ಲುವಾಂಗೊ, ಗೋಲಿನ ಮುಂದಿನ ನೀಲಿ ಬಣ್ಣದ ಅಂಕಣದೊಳಗೇ ನಿಲ್ಲುವ ತಮ್ಮಂಥವರಿಗೆ ಅದನ್ನು ತಡೆಯುವುದು ಸುಲಭ, ಮುಂದೆ ನುಗ್ಗಿ ಆಡುವವರಿಗೆ ಹೀಗಾಗುವುದುಂಟು ಎಂಬರ್ಥದ ಮಾತು ಆಡಿದರು. ಆರನೇ ಪಂದ್ಯಕ್ಕೂ ಮೊದಲೇ, ತಾವು ಥಾಮಸ್ ಅವರನ್ನು ಹೊಗಳುತ್ತ ಬಂದಿದ್ದರೂ ಅವರ ಬಾಯಿಂದ ತಮ್ಮ ಬಗ್ಗೆ ಒಂದು ಒಳ್ಳೆಯ ಮಾತೂ ಬರಲಿಲ್ಲವೆಂದು ಹೇಳಿಕೊಂಡರು.

ವಾದದ ಬೇರು ಇರುವುದು ಇಲ್ಲಿ. ಇಬ್ಬರು ಗೋಲ್‌ಕೀಪರುಗಳು ತಮ್ಮ ವಿದ್ಯೆಯನ್ನೇ ಎರಡು ಬಗೆಯಲ್ಲಿ ಅರ್ಥಮಾಡಿಕೊಂಡಿದ್ದರು. ಒಬ್ಬರು ಹಿಂದೆ ನಿಂತು ಕಾಯುವವರು; ಪಕ್ ಎತ್ತ ಪುಟಿದರೂ ಅತ್ತ ಸರಿಯಲು ಅವರಿಗೆ ಕಾಲಾವಕಾಶ ಇರುತ್ತದೆ, ಆದರೆ ಹೊಡೆಯುವವನ ಕಣ್ಣಿಗೆ ಗೋಲು ದೊಡ್ಡದಾಗಿ ಕಾಣುತ್ತದೆ. ಇನ್ನೊಬ್ಬರು ಮುಂದೆ ಬಂದು, ಹೊಡೆಯುವವನಿಗೆ ಕಾಣುವ ಗೋಲಿನ ಜಾಗವನ್ನೇ ಕಿರಿದಾಗಿಸುವವರು. ಪಕ್ ಅವರನ್ನು ದಾಟಿ ಅಡ್ಡ ಹೋಯಿತೆಂದರೆ ಗೋಲು ತೆರೆದುಬಿದ್ದಂತೆಯೇ. ಐಸ್ ಹಾಕಿಯನ್ನು ಒಮ್ಮೆಯೂ ನೋಡದ ಹಾಸನದ ಓದುಗನಿಗೂ ಇಷ್ಟು ಹೇಳಿದರೆ ಲುವಾಂಗೊ ಅವರ ಮಾತಿನಲ್ಲಿ ತಾಂತ್ರಿಕವಾಗಿ ಹುರುಳಿತ್ತು ಎಂಬುದೂ, ಆ ಹೊತ್ತಿನಲ್ಲಿ ಅದನ್ನು ಆಡಬಾರದಿತ್ತು ಎಂಬುದೂ ಒಟ್ಟಿಗೇ ತಿಳಿಯುತ್ತವೆ. ಇದಾದ ಮರು ಪಂದ್ಯದಲ್ಲೇ ಬಾಸ್ಟನ್ 4 ನಿಮಿಷ 14 ಸೆಕೆಂಡುಗಳ ಅಂತರದಲ್ಲಿ ನಾಲ್ಕು ಗೋಲು ಹೊಡೆಯಿತು. ಈ ಎರಡು ಪಂದ್ಯಗಳನ್ನು ಬೆನ್ನುಬೆನ್ನಿಗೆ ಇಟ್ಟು ಬರೆಯಿರಿ. ನಿಮ್ಮ ಲೇಖನದ ಅರ್ಧ ಭಾಗ ಅಲ್ಲೇ ಸಿದ್ಧವಾಗುತ್ತದೆ.

ನಂತರ ಬಾಸ್ಟನ್‌ನಿಂದ ವರ್ಗವಾಗಿ ಬಂದ ಸಹೋದ್ಯೋಗಿಯ ಪಾತ್ರ. ಆಕೆಯ ಬಾಯಲ್ಲಿ ನೀವು ‘ನಾವು ಗೆದ್ದೆವು, ಮುಗಿಯಿತು’ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸಿದ್ದೀರಿ. ಗೆದ್ದವರಿಗೆ ವಾದದ ಅಗತ್ಯವಿಲ್ಲ ಎಂಬ ಎಣಿಕೆ ನಿಮ್ಮದಿರಬಹುದು, ಆದರೆ ಬಾಸ್ಟನ್ ಅಭಿಮಾನಿಗಳ ಬಳಿ ಎಲ್ಲರಿಗಿಂತ ಗಟ್ಟಿಯಾದ ಲೆಕ್ಕವಿದೆ. ಏಳು ಪಂದ್ಯಗಳಲ್ಲಿ ಬಾಸ್ಟನ್ ಹೊಡೆದದ್ದು 23 ಗೋಲು, ವ್ಯಾಂಕೂವರ್ ಹೊಡೆದದ್ದು 8. ಕನಕ್ಸ್ ಗೆದ್ದ ಮೂರೂ ಪಂದ್ಯಗಳು ಒಂದೊಂದೇ ಗೋಲಿನ ಅಂತರದವು. 37ರ ವಯಸ್ಸಿನ ಥಾಮಸ್ ಲೀಗ್ ಹಂತದ ನಂತರದ ಇಡೀ ನಾಕೌಟ್ ಹಂತದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕಾನ್ ಸ್ಮೈತ್ ಟ್ರೋಫಿ ಪಡೆದರು. ಅಷ್ಟು ವಯಸ್ಸಾದ ಯಾರೂ ಅಲ್ಲಿಯವರೆಗೆ ಅದನ್ನು ಪಡೆದಿರಲಿಲ್ಲ. ಇಷ್ಟರ ಮೇಲೆ ಆಕೆ ಕೇಳಬಹುದಾದ ಪ್ರಶ್ನೆಯೊಂದಿದೆ: ನಿಮ್ಮ ತಂಡ ಎಂಟೇ ಗೋಲು ಹೊಡೆದಿರುವಾಗ ದೂರನ್ನೆಲ್ಲ ಲುವಾಂಗೊ ಒಬ್ಬರ ತಲೆಗೆ ಕಟ್ಟುವುದು ಯಾವ ನ್ಯಾಯ? ಆ ವರ್ಷದ ಲೀಗ್ ಹಂತದಲ್ಲಿ ಕನಕ್ಸ್ 117 ಅಂಕ ಗಳಿಸಿ ಎಲ್ಲ ತಂಡಗಳಿಗಿಂತ ಮುಂದಿತ್ತು, ಅದರ ಡೇನಿಯಲ್ ಸೆಡಿನ್, ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿದ ಲೆಕ್ಕದಲ್ಲಿ, ಅತ್ಯಧಿಕ ಅಂಕ ಗಳಿಸಿದ ಆಟಗಾರರಾಗಿದ್ದರು. ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯೊಬ್ಬ ತಪ್ಪಿಗಾಗಿ ಹೊರಗೆ ಕುಳಿತು ಅವರ ಬಲ ಕುಗ್ಗಿರುವ ಆ ಎರಡು ನಿಮಿಷಗಳಲ್ಲಿ, ಲೀಗಿನಲ್ಲೇ ಕನಕ್ಸ್ ಮೊದಲನೆಯದಾಗಿತ್ತು. ಅಂಥ ತಂಡಕ್ಕೆ ಅಂತಿಮ ಸರಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಪವರ್ ಪ್ಲೇ ಸಿಕ್ಕವು, ಬಂದದ್ದು ಎರಡು ಗೋಲು. ರೆಫರಿಗಳು ಕನಕ್ಸ್ ಪಾಲಿಗೆ ಅನ್ಯಾಯ ಮಾಡಿದರೆಂಬ ಮಾತನ್ನು ನೀವು ಆರು ಕಡೆ ಬರೆದಿದ್ದೀರಿ. ಈ ಒಂದು ಲೆಕ್ಕದ ಜೊತೆ ಅದನ್ನು ತಾಳೆ ಹಾಕಿ ನೋಡಿ. ರೆಫರಿಗಳು ಕೆಲವನ್ನು ಬಿಟ್ಟದ್ದು ನಿಜವಿರಬಹುದು. ಆರನೇ ಪಂದ್ಯದಲ್ಲಿ ಬಾಸ್ಟನ್ನಿನ ಬ್ರ್ಯಾಡ್ ಮಾರ್ಷಾನ್ ಅವರು ಡೇನಿಯಲ್ ಸೆಡಿನ್ ಮುಖಕ್ಕೆ ಮೇಲಿಂದ ಮೇಲೆ ಗುದ್ದಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. ಆದರೆ ಸಿಕ್ಕ ಅವಕಾಶಗಳ ಗತಿ ಏನಾಯಿತು ಎಂದು ಕೇಳದೆ ಸಿಗದ ಅವಕಾಶಗಳ ಬಗ್ಗೆ ಮಾತ್ರ ಬರೆದರೆ ಓದುಗ ನಿಮ್ಮನ್ನು ನಂಬುವುದಿಲ್ಲ.

ಇನ್ನು ಒಂದು ಗಂಭೀರ ಆಕ್ಷೇಪ. ಮೂರನೇ ಪಂದ್ಯದ ಆರಂಭದಲ್ಲಿ, ಪಕ್ಕನ್ನು ಸಹ ಆಟಗಾರನಿಗೆ ದಾಟಿಸಿ ಮುಗಿಸಿದ್ದ ಬಾಸ್ಟನ್ನಿನ ನೇಥನ್ ಹಾರ್ಟನ್ ಅವರಿಗೆ ಕನಕ್ಸ್‌ನ ಏರನ್ ರೋಮ್ ತಡವಾಗಿ ಡಿಕ್ಕಿ ಹೊಡೆದರು. ಹಾರ್ಟನ್ ಪ್ರಜ್ಞೆ ತಪ್ಪಿ ಬಿದ್ದರು, ಮಿದುಳಿಗೆ ತೀವ್ರ ಪೆಟ್ಟಾಯಿತು, ಅವರ ಸರಣಿ ಅಲ್ಲಿಗೆ ಮುಗಿಯಿತು. ರೋಮ್ ಅವರನ್ನು ನಾಲ್ಕು ಪಂದ್ಯಗಳಿಂದ, ಅಂದರೆ ಉಳಿದ ಅಷ್ಟೂ ಪಂದ್ಯಗಳಿಂದ, ಹೊರಗಿಡಲಾಯಿತು. ಇದರ ಬಗ್ಗೆ ನೀವು ‘ಶಿಸ್ತಿನ ಹೊಣೆ ಹೊತ್ತಿದ್ದ ಲೀಗಿನ ಅಧಿಕಾರಿ ಕಾಲಿನ್ ಕ್ಯಾಂಪ್‌ಬೆಲ್ ಅವರ ಮಗ ಬಾಸ್ಟನ್ ತಂಡದಲ್ಲಿದ್ದರು ಎಂಬುದನ್ನು ಮರೆಯಬಾರದು’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. ಗ್ರೆಗರಿ ಕ್ಯಾಂಪ್‌ಬೆಲ್ ಬಾಸ್ಟನ್ ಪರ ಆಡುತ್ತಿದ್ದದ್ದು ನಿಜ. ಆ ಕಾರಣಕ್ಕಾಗಿಯೇ ತಂದೆ ಈ ಸರಣಿಯ ತೀರ್ಮಾನಗಳಿಂದ ದೂರ ಉಳಿದರು, ರೋಮ್ ಅವರ ಶಿಕ್ಷೆಯನ್ನು ನಿರ್ಧರಿಸಿದವರು ಲೀಗಿನ ಇನ್ನೊಬ್ಬ ಅಧಿಕಾರಿ ಮೈಕ್ ಮರ್ಫಿ. ಮೊದಲರ್ಧವನ್ನು ಹೇಳಿ ಎರಡನೆಯ ಅರ್ಧವನ್ನು ಬಿಟ್ಟರೆ ಬದುಕಿರುವ ವ್ಯಕ್ತಿಯೊಬ್ಬರ ಮೇಲೆ ಗೂಬೆ ಕೂರಿಸಿದಂತಾಗುತ್ತದೆ. ಊಟದ ಮೇಜಿನಲ್ಲಿ ಅಭಿಮಾನಿ ಹಾಗೆ ಹೇಳಬಹುದು. ಅದನ್ನು ವರದಿ ಮಾಡುವ ನೀವು ಪೂರ್ತಿ ಸಂಗತಿಯನ್ನು ಪಕ್ಕದಲ್ಲೇ ಇಡಬೇಕು. ಈ ವಾಕ್ಯ ಹೀಗೆಯೇ ಉಳಿದರೆ ಲೇಖನದ ಮಿಕ್ಕ ಭಾಗ ಎಷ್ಟೇ ಚೆನ್ನಾಗಿದ್ದರೂ ನಾನು ಪ್ರಕಟಿಸುವುದಿಲ್ಲ.

ಶಿಕ್ಷೆಯ ವಾದದಲ್ಲಿ ಎರಡು ಪಕ್ಷಗಳಿಗೂ ಬಲವಿದೆ ಎಂಬುದನ್ನು ತೋರಿಸುವ ಸಾಮಗ್ರಿ ನಿಮ್ಮ ಬಳಿಯೇ ಇದೆ. ಮೊದಲ ಪಂದ್ಯದಲ್ಲಿ ಕನಕ್ಸ್‌ನ ಅಲೆಕ್ಸ್ ಬರೋಸ್ ಅವರು ಬಾಸ್ಟನ್ನಿನ ಪಟ್ರಿಸ್ ಬರ್ಜರಾನ್ ಅವರ ಬೆರಳು ಕಚ್ಚಿದರೆಂಬ ದೂರು ಬಂತು. ಬೇಕೆಂದೇ ಕಚ್ಚಿದ್ದಕ್ಕೆ ಖಚಿತ ಆಧಾರವಿಲ್ಲವೆಂದು ಲೀಗ್ ಶಿಕ್ಷೆ ವಿಧಿಸಲಿಲ್ಲ. ಎರಡನೇ ಪಂದ್ಯದಲ್ಲಿ ಅದೇ ಬರೋಸ್ ಎರಡು ಗೋಲು ಹೊಡೆದರು; ಅದರಲ್ಲೊಂದು ಓವರ್‌ಟೈಮ್ (ಸಮಬಲವಾದಾಗ ಆಡಿಸುವ ಹೆಚ್ಚುವರಿ ಅವಧಿ) ಶುರುವಾದ 11ನೇ ಸೆಕೆಂಡಿಗೆ ಬಂದ, ಪಂದ್ಯವನ್ನೇ ಗೆಲ್ಲಿಸಿದ ಗೋಲು. ರೋಮ್ ಅವರ ಶಿಕ್ಷೆ ಹೆಚ್ಚಾಯಿತೆನ್ನುವ ವ್ಯಾಂಕೂವರಿನವರಿಗೆ ಬಾಸ್ಟನ್ನಿನವರು ಕೊಡುವ ಉತ್ತರ ಇದು. ಆದರೆ ವ್ಯಾಂಕೂವರಿನವರ ಬಳಿಯೂ ಮಾತಿದೆ: ಅಂತಿಮ ಸರಣಿಯೊಂದರಲ್ಲಿ ಅಷ್ಟು ದೀರ್ಘ ಅಮಾನತು ಅದಕ್ಕೆ ಮೊದಲು ಆಗಿರಲಿಲ್ಲ. ಅಲ್ಲದೆ ಆರನೇ ಪಂದ್ಯದ ಮೊದಲ ನಿಮಿಷದಲ್ಲೇ ಕನಕ್ಸ್‌ನ ಮೇಸನ್ ರೇಮಂಡ್ ಅವರನ್ನು ಹಲಗೆಗೋಡೆಗೆ ಅದುಮಿ ಬೆನ್ನುಮೂಳೆ ಮುರಿದಾಗ ಯಾರಿಗೂ ಅಮಾನತಾಗಲಿಲ್ಲ. ಈ ಮೂರು ಘಟನೆಗಳನ್ನು ಒಟ್ಟಿಗೆ ಇಡಿ, ನಡುವೆ ನೀವು ಮಾತಾಡಬೇಡಿ. ಊಟದ ಮೇಜಿನ ಗದ್ದಲ ತಾನಾಗಿ ಕೇಳಿಸುತ್ತದೆ.

‘ಇದು ಕೆನಡಾ ಮತ್ತು ಅಮೆರಿಕಗಳ ನಡುವಿನ ಸಮರ’ ಎಂಬ ನಿಮ್ಮ ಉಪಶೀರ್ಷಿಕೆಯನ್ನು ಕೈಬಿಡಿ. 1993ರಲ್ಲಿ ಮಾಂಟ್ರಿಯಲ್ ಗೆದ್ದ ಮೇಲೆ 2011ರವರೆಗೆ ಕೆನಡಾದ ಯಾವ ತಂಡಕ್ಕೂ ಕಪ್ ಬಂದಿರಲಿಲ್ಲವಾದ್ದರಿಂದ ಆ ಭಾವನೆ ದೇಶದಲ್ಲಿದ್ದದ್ದು ಹೌದು. ಆದರೆ ಕನಕ್ಸ್‌ನ ನಾಯಕ ಹೆನ್ರಿಕ್ ಸೆಡಿನ್ ಮತ್ತು ಅವರ ಅವಳಿ ಸಹೋದರ ಡೇನಿಯಲ್ ಸ್ವೀಡನ್ನಿನವರು. ಬಾಸ್ಟನ್ ಪರ ಆಡಿದ ಮಿಲನ್ ಲುಚಿಚ್ ಹುಟ್ಟಿ ಬೆಳೆದದ್ದು ವ್ಯಾಂಕೂವರಿನಲ್ಲಿ. ಏಳನೇ ಪಂದ್ಯದಲ್ಲಿ ವ್ಯಾಂಕೂವರಿನ ಎದೆ ಒಡೆದ ನಾಲ್ಕು ಗೋಲುಗಳಲ್ಲಿ ಎರಡನ್ನು ಬರ್ಜರಾನ್, ಎರಡನ್ನು ಮಾರ್ಷಾನ್ ಹೊಡೆದರು, ಇಬ್ಬರೂ ಕೆನಡಾದವರೇ. ದೇಶದ ಹೆಸರು ಹಿಡಿದು ನೋಡಿದರೆ ಅಭಿಮಾನದ ನಿಜವಾದ ಗುಟ್ಟು ಕೈತಪ್ಪುತ್ತದೆ.

ನಿಮ್ಮ ಮೂರನೆಯ ಸಹೋದ್ಯೋಗಿ, ವ್ಯಾಂಕೂವರಿಗೆ ಹತ್ತಿರದ ಸರ್ರೆಯ ಪಂಜಾಬಿ ತರುಣನ ಬಗ್ಗೆ ನೀವು ಬರೆದಿರುವ ಭಾಗ ಇಡೀ ಹಸ್ತಪ್ರತಿಯಲ್ಲೇ ಚೆನ್ನಾಗಿದೆ, ಆದರೆ ತೀರ ಚಿಕ್ಕದು. ತಂದೆಯ ಕಡೆಯಿಂದ ಪಂಜಾಬಿ ಮೂಲದ, ಕನಕ್ಸ್ ಆಟಗಾರ ಮ್ಯಾನಿ ಮಲ್ಹೋತ್ರಾ ಅವರಿಗೆ ಮಾರ್ಚ್ ತಿಂಗಳಲ್ಲಿ ಪಕ್ ಬಡಿದು ಕಣ್ಣಿಗೆ ಭಾರಿ ಗಾಯವಾಗಿತ್ತು. ಆ ವರ್ಷ ಅವರು ಮತ್ತೆ ಆಡಲಾರರೆಂದು ತಂಡವೇ ಹೇಳಿತ್ತು. ಅವರು ಎರಡನೇ ಪಂದ್ಯಕ್ಕೆ ಮುಖರಕ್ಷಕ ತೊಟ್ಟು ಇಳಿದಾಗ ಕ್ರೀಡಾಂಗಣ ಅವರ ಹೆಸರು ಕೂಗಿತು. ನಿಮ್ಮ ತರುಣ ಸೋಲು ಗೆಲುವಿನ ಮಾತು ಬಂದಾಗಲೆಲ್ಲ ಮಲ್ಹೋತ್ರಾ ಅವರ ಸುದ್ದಿಗೇ ಹೊರಳುತ್ತಾನೆಂದು ಬರೆದಿದ್ದೀರಿ. ಏಕೆ ಹೊರಳುತ್ತಾನೆ? ಅವನನ್ನೇ ಕೇಳಿ, ಅವನು ಹೇಳಿದ್ದನ್ನು ಬರೆಯಿರಿ. ಮಿಕ್ಕಿಬ್ಬರು ಲೆಕ್ಕ ಹಿಡಿದು ಜಗ್ಗಾಡುವಾಗ ಲೆಕ್ಕಕ್ಕೆ ಸಿಗದ ಒಂದನ್ನು ಅವನು ಕಾಪಾಡಿಕೊಂಡಿದ್ದಾನೆ. ನಮ್ಮ ಓದುಗರು ಹೆಚ್ಚು ಹತ್ತಿರವಾಗುವುದು ಅವನಿಗೇ ಎಂದು ನನಗನ್ನಿಸುತ್ತದೆ.

ಏಳನೇ ಪಂದ್ಯದ ರಾತ್ರಿ ವ್ಯಾಂಕೂವರ್ ನಡುಪೇಟೆಯಲ್ಲಿ ನಡೆದ ದೊಂಬಿಗೆ ನೀವು ನಾಲ್ಕು ಪುಟ ಕೊಟ್ಟಿದ್ದೀರಿ. ಒಂದು ಪ್ಯಾರಾ ಸಾಕು. ಆ ಕಥೆ ಬೇರೆಯದು. ನಿಮ್ಮ ಮೂವರೂ ಅದರ ಬಗ್ಗೆ ವಾದಿಸುವುದೇ ಇಲ್ಲ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುರುಕ್ಷೇತ್ರ, ಚಕ್ರವ್ಯೂಹ, ಬ್ರಹ್ಮಾಸ್ತ್ರಗಳನ್ನೆಲ್ಲ ತೆಗೆದುಹಾಕಿ. ಪಕ್ ಎಲ್ಲಿತ್ತು, ಯಾರು ಎಲ್ಲಿ ನಿಂತಿದ್ದರು, ಯಾರಿಗೆ ಎಷ್ಟು ಹೊತ್ತು ಸಿಕ್ಕಿತು ಎಂಬುದನ್ನು ಸರಿಯಾಗಿ ಬರೆದರೆ ಅವುಗಳ ಅಗತ್ಯ ಬೀಳುವುದಿಲ್ಲ. ಏಳರಲ್ಲಿ ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಕಪ್ ಎಂಬುದನ್ನೂ, ಮೊದಲ ಆರು ಪಂದ್ಯಗಳನ್ನು ಆಯಾ ಊರಿನವರೇ ಗೆದ್ದಿದ್ದರೆಂಬುದನ್ನೂ ಮೊದಲ ಪುಟದಲ್ಲೇ ತಿಳಿಸಿಬಿಡಿ. ಕಡೆಯ ಪಂದ್ಯ ವ್ಯಾಂಕೂವರಿನಲ್ಲಿತ್ತು ಎಂದಾಗ ಆ ಊರು ಎಷ್ಟು ಆಸೆ ಇಟ್ಟುಕೊಂಡಿತ್ತೆಂಬುದು ಓದುಗನಿಗೆ ಆಗಲೇ ಗೊತ್ತಾಗಬೇಕು.

2022ರಲ್ಲಿ ಲುವಾಂಗೊ ಮತ್ತು ಸೆಡಿನ್ ಸಹೋದರರು ಒಟ್ಟಿಗೆ ಹಾಕಿ ಹಾಲ್ ಆಫ್ ಫೇಮ್ ಸೇರಿದರು. ಆ ಸುದ್ದಿ ಬಂದ ದಿನ ನಿಮ್ಮ ಊಟದ ಮೇಜಿನಲ್ಲಿ ಏನು ಮಾತಾಯಿತು ಎಂಬುದು ಹಸ್ತಪ್ರತಿಯಲ್ಲಿಲ್ಲ. ನೀವು ಅಲ್ಲಿದ್ದಿದ್ದರೆ ಅದನ್ನು ಬರೆಯಿರಿ, ಇರದಿದ್ದರೆ ಆ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಪರಿಷ್ಕರಿಸಿದ ಪ್ರತಿ 2,000 ಪದಗಳ ಒಳಗಿರಲಿ, ಹೊಸ ಶೀರ್ಷಿಕೆಯೊಂದಿಗೆ ನೇರವಾಗಿ ನನಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ